ಬೀಗದಕ್ಕ ಕೊಟ್ಟ ಸದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಬೀಗದಕ್ಕ. ಅಪ್ಪ ಸಾಯುವಾಗ ಅವಳ ಪಾಲಿಗೆ ಬಿಟ್ಟುಹೋದದ್ದು ಶಟರ್ ಇರುವ ಒಂದು ಗೂಡಿನಂಥ ಅಂಗಡಿ, ಇನ್ನೂ ಹಾಲುಹಲ್ಲು ಬೀಳದ ಒಬ್ಬ ತಮ್ಮ. ಅಮ್ಮ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಅಂಗಡಿಯ ಹಿಂದೆ ಹಲಗೆಯ ಗೋಡೆ, ಅದರಾಚೆ ಒಂದು ಕೋಣೆ, ಮೂಲೆಯಲ್ಲಿ ಒಲೆ. ಮನೆ ಎಂದರೆ ಅಷ್ಟೇ.

ಅಂಗಡಿಯ ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲಿಲ್ಲದ ಖಾಲಿ ಕೀಗಳು. ಮೇಜಿನ ಮೇಲೆ ಕೀ ಕೊರೆಯುವ ಮೆಷಿನ್ನು. ಅದರ ಒಂದು ದವಡೆಗೆ ಗಿರಾಕಿ ತಂದ ಕೀ, ಇನ್ನೊಂದಕ್ಕೆ ಖಾಲಿ ಕೀ ಕಚ್ಚಿಸಿ ಸ್ವಿಚ್ ಒತ್ತಿದರೆ ಚಕ್ರ ಕಿರ್ರೆಂದು ತಿರುಗಿ ಹಿತ್ತಾಳೆಯ ಚೂರು ಸಿಡಿಯುತ್ತಿತ್ತು. ಆಮೇಲೆ ಎರಡೂ ಕೈ ಅಲ್ಲೇ ಇರಬೇಕು, ಕಣ್ಣೂ ಅಲ್ಲೇ ಇರಬೇಕು. ಅರ್ಧಕ್ಕೆ ಕೈಬಿಟ್ಟರೆ ಕೀ ಕೆಟ್ಟಿತೆಂದೇ ಲೆಕ್ಕ. ಆ ಹೊತ್ತಿನಲ್ಲಿ ಬೆನ್ನಿಗೆ ಬೆಂಕಿ ಬಿದ್ದರೂ ಬೀಗದಕ್ಕ ತಿರುಗುವವಳಲ್ಲ ಎಂದು ಪಕ್ಕದ ಗಡಿಯಾರ ರಿಪೇರಿಯವನು ತಮಾಷೆ ಮಾಡುತ್ತಿದ್ದ. ಅವಳಿಗೂ ಅದು ಒಳಗೊಳಗೇ ಹೆಮ್ಮೆಯ ಮಾತಾಗಿತ್ತು.

ಬಾಯಿ ಮಾತ್ರ ಚುರುಕು. ಮನೆಯ ಕೀಯನ್ನು ಮೂರನೇ ಸಲ ಕಳೆದುಕೊಂಡು ಬಂದ ಗುಮಾಸ್ತನಿಗೆ, "ಈ ಸಲ ಕೀ ಬೇಡ ಸಾರ್, ಕುತ್ತಿಗೆಗೊಂದು ದಾರ ಕಟ್ಟಿ ಕಳಿಸ್ತೀನಿ" ಎಂದಿದ್ದಳು. ಮದುವೆಯ ಮಾತು ಎತ್ತಿದವರಿಗೆ, ತಮ್ಮ ಒಂದು ದಡ ಸೇರಲಿ ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಕೂದಲು ನೆರೆಯಿತು. ತಮ್ಮ ಲಿಫ್ಟ್ ರಿಪೇರಿ ಕಲಿತ, ಕೈತುಂಬ ಕೆಲಸ ಹಿಡಿದ, ಮನೆಗೊಂದು ಫ್ಯಾನ್ ತಂದ. ದಡ ಕಂಡಿತು ಎನ್ನುವಾಗ ಅಮಲಿನ ಪುಡಿಗೆ ಬಿದ್ದ. ಮೊದಲು ಸಿಗರೇಟಿನ ಬೆಳ್ಳಿ ಕಾಗದದ ಮೇಲೆ ಕಾಸಿ ಹೊಗೆ ಎಳೆಯುತ್ತಿದ್ದವನು ಆಮೇಲೆ ಸೂಜಿಗೆ ಇಳಿದ.

ಅವಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಹಲಗೆಯ ಈಚೆ ಅವಳು ಯಾರದೋ ಬೀರುವಿನ ಕೀ ಕೊರೆಯುತ್ತಿದ್ದಳು, ಆಚೆ ಅವನು ತುಟಿ ನೀಲಿಗಟ್ಟಿ ಬಿದ್ದಿದ್ದ. ಆಸ್ಪತ್ರೆಯವರು ಹೇಗೋ ಉಳಿಸಿದರು. "ಮೂಗಿನ ಕೆಳಗೇ ನಡೀತಿತ್ತಲ್ಲ, ನಿಂಗೆ ಗೊತ್ತೇ ಆಗ್ಲಿಲ್ವಾ?" ಎಂದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೇಳಿಹೋದರು. ಹೀಗೆ ಕೇಳುವವರು ಒಂದು ಲೋಟ ನೀರನ್ನೂ ಕಾಯಿಸಿಕೊಟ್ಟವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ನಾಲಿಗೆ ಸೇದಿಹೋಗಲಿ ಎಂದು ಅವಳು ಮನಸ್ಸಿನಲ್ಲೇ ಶಪಿಸಿದಳು.

ತಮ್ಮನನ್ನು ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದಾಯಿತು. ಅಲ್ಲಿಗೆ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬರುತ್ತಿದ್ದಳು. ಔಷಧ ಕೊಡುವ ಡಾಕ್ಟರಲ್ಲ, ಮಿದುಳಿನ ಮೇಲೆ ಸಂಶೋಧನೆ ಮಾಡುವವಳು. ಪುಡಿ ಬಿಟ್ಟ ಹೊಸದರಲ್ಲಿ ಒಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ ಸ್ಕ್ಯಾನ್ ಮೆಷಿನ್ನಿನೊಳಗೆ ಮಲಗಿಸಿ, ಪುಡಿಯನ್ನು ನೆನಪಿಸುವ ಸದ್ದುಗಳನ್ನು ಕೇಳಿಸಿ, ಮಿದುಳು ಪರದೆಯ ಮೇಲೆ ಹೇಗೆ ಹೊತ್ತಿಕೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ. ತಮ್ಮ ಒಪ್ಪಿ ಸಹಿ ಹಾಕಿದ.

"ಲೈಟರ್ ಸದ್ದು, ಸೂಜಿಯ ಕವರ್ ಹರಿಯೋ ಸದ್ದು ನಮ್ಮ ಹತ್ರ ಇದೆ" ಎಂದಳು ಡಾಕ್ಟರಮ್ಮ. "ಹೋಲಿಸಿ ನೋಡೋಕೆ ಒಂದು ಸಾಮಾನ್ಯ ಸದ್ದು ಬೇಕು. ಮನೆಯದೇ ಆಗಿರಲಿ, ಪುಡಿಗೂ ಅದಕ್ಕೂ ಏನೇನೂ ಸಂಬಂಧ ಇರಬಾರದು. ನೀವೇ ಫೋನಲ್ಲಿ ರೆಕಾರ್ಡ್ ಮಾಡಿ ಕೊಡಿ."

ನಲ್ಲಿ, ಫ್ಯಾನು, ಬಾಗಿಲು ಎಂದೆಲ್ಲ ಯೋಚಿಸಿದ ಬೀಗದಕ್ಕ ಕೊನೆಗೆ ಮೆಷಿನ್ನಿನ ಸದ್ದನ್ನೇ ಹಿಡಿದುಕೊಟ್ಟಳು. ಜೋಗುಳ ಹಾಡಲು ಅಮ್ಮ ಇಲ್ಲದ ಹುಡುಗ ಆ ಕಿರ್ರೆನ್ನುವ ಸದ್ದಿನಲ್ಲೇ ನಿದ್ದೆಹೋಗುತ್ತಿದ್ದ, ಅದು ನಿಂತರೆ ಎದ್ದು ಅಳುತ್ತಿದ್ದ. ಅಷ್ಟು ಶುದ್ಧವಾದ ಸದ್ದು ಆ ಮನೆಯಲ್ಲಿ ಇನ್ನೊಂದಿಲ್ಲ ಎಂದು ಅವಳು ನಂಬಿದ್ದಳು.

ತಮ್ಮ ಕೇಂದ್ರದಿಂದ ಮನೆಗೆ ಬಂದಾಗ ಕೆನ್ನೆ ತುಂಬಿಕೊಂಡಿತ್ತು. ಬರುವುದರೊಳಗೆ ಅವಳು ಕೋಣೆಗೆ ಸುಣ್ಣ ಹೊಡೆಸಿ, ಪುಡಿ ಕಾಸಿ ಕಪ್ಪು ಹಿಡಿದ ಚಮಚಗಳನ್ನು ಎಸೆದು, ಮೆಷಿನ್ನಿಗೆ ಎಣ್ಣೆ ಬಿಡಲು ಇಟ್ಟುಕೊಂಡಿದ್ದ ಹಳೆಯ ಸಿರಿಂಜನ್ನೂ ಮುರಿದುಹಾಕಿದ್ದಳು. ಹಳೆಯ ಗೆಳೆಯರ ಕಣ್ಣಿಗೆ ಬೀಳದಿರಲಿ ಎಂದು ಅವನನ್ನು ಹಲಗೆಯ ಹಿಂದಿನ ಕೋಣೆಯಲ್ಲೇ ಇಟ್ಟುಕೊಂಡಳು. ದಿನ ಕಳೆದಂತೆ ಪುಡಿಯ ನೆನಪು ತಾನಾಗಿ ಮಾಸುತ್ತದೆ, ತಾನು ದಿನ ತಳ್ಳಿದರೆ ಸಾಕು ಎಂಬುದು ಅವಳ ಲೆಕ್ಕ. ಇನ್ನೊಂದು ಒಳ್ಳೆಯ ಲಕ್ಷಣವೂ ಕಂಡಿತ್ತು. ಅವಳು ಇತ್ತ ಕೀ ಕೊರೆಯುತ್ತಿದ್ದರೆ ಅತ್ತ ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಅಕ್ಕ, ತಿನ್ನೋಕೇನಾದ್ರೂ ಇದೆಯಾ?"

"ಈಗಷ್ಟೇ ಉಂಡೆಯಲ್ಲೋ! ನಿನ್ನ ಹೊಟ್ಟೇಲಿ ಯಾರಾದ್ರೂ ಬಾಡಿಗೆಗೆ ಇದಾರಾ?" ಎಂದು ಬೈಯುತ್ತಲೇ ಅವಳು ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದಳು. ಹಸಿವಾಗುತ್ತಿದೆ ಎಂದರೆ ಮೈಗೆ ಜೀವ ಬಂತು ಎಂದೇ ಅರ್ಥ ಎಂದು ಗಡಿಯಾರದವನ ಮುಂದೆ ಹೇಳಿಕೊಂಡು ಹಿಗ್ಗಿದಳು.

ಎರಡನೇ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರಮ್ಮ ತಮ್ಮನ ಒಪ್ಪಿಗೆ ಕೇಳಿ ಅವಳನ್ನು ಕರೆಸಿದಳು. ಕಿಟಕಿಯಿಲ್ಲದ ಕೋಣೆ, ಎರಡು ಕಂಪ್ಯೂಟರು, ತಣ್ಣಗಾದ ಒಂದು ಕಪ್ ಕಾಫಿ.

"ನೀವು ಕೊಟ್ಟಿದ್ದು ನಿಜವಾಗ್ಲೂ ಅಂಗಡಿ ಮೆಷಿನ್ ಸದ್ದೇನಾ? ಬೇರೆ ಯಾವುದಾದ್ರೂ ಸೇರಿಹೋಗಿದೆಯಾ?"

"ನಮ್ಮ ಮೆಷಿನ್ನೇ. ನನ್ನ ಕೈಯಾರೆ ಹಿಡಿದಿದ್ದು. ಯಾಕಮ್ಮ?"

ಡಾಕ್ಟರಮ್ಮ ಹಣೆ ಉಜ್ಜಿಕೊಂಡಳು. "ಲೈಟರ್ ಸದ್ದಿಗಿಂತ, ಸೂಜಿ ಕವರ್ ಸದ್ದಿಗಿಂತ, ಇದಕ್ಕೇ ನಿಮ್ಮ ತಮ್ಮನ ಮಿದುಳು ಜಾಸ್ತಿ ಹೊತ್ತಿಕೊಳ್ತಿದೆ. ಮೊದಲನೇ ಸಲಾನೂ ಸ್ವಲ್ಪ ಇತ್ತು, ಏನೋ ತಪ್ಪಾಗಿರಬೇಕು ಅಂತ ಬಿಟ್ಟೆ. ಈ ಸಲ ತುಂಬಾ ಏರಿದೆ. ಇದನ್ನ ಸಾಮಾನ್ಯ ಸದ್ದು ಅಂತ ಇಟ್ಕೊಳ್ಳೋಕಾಗಲ್ಲ. ಅವರ ಫಲಿತಾಂಶ ಪೂರ್ತಿ ಕೈಬಿಡಬೇಕಾಗುತ್ತೆ."

"ತಿಂಗಳುಗಟ್ಟಲೆ ಮುಟ್ಟಿಲ್ಲ ಅವನು. ಕಡಿಮೆ ಆಗ್ಬೇಕಲ್ವಾ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಸುಮ್ನೆ ಕೂತಾಗ ಕಡಿಮೆ ಆದ ಹಾಗೆ ಕಾಣುತ್ತೆ. ಆದ್ರೆ ನೆನಪಿಸೋ ವಸ್ತು ಎದುರು ಬಂದಾಗ ಏಳೋ ತಲಬು ಬಿಟ್ಟ ಹೊಸದರಲ್ಲಿ ಇದ್ದಿದ್ದಕ್ಕಿಂತ ಕೆಲವು ತಿಂಗಳ ಮೇಲೆ ಜಾಸ್ತಿ ಇರಬಹುದು. ಒಳಗೊಳಗೇ ಬಲಿತಿರುತ್ತೆ. ಇನ್ನೊಂದು ವಿಷಯ. ಮೈಗೆ ಈಗ ಹಳೇ ಅಳತೆ ತಡೆಯೋ ಶಕ್ತಿ ಇಲ್ಲ. ಮತ್ತೆ ಅಷ್ಟೇ ಚುಚ್ಚಿಕೊಂಡ್ರೆ ಒಂದೇ ಸಲಕ್ಕೆ ಪ್ರಾಣಕ್ಕೆ ಕುತ್ತು ಬರುತ್ತೆ."

"ಹಾಗಾದ್ರೆ ಆ ಸದ್ದು ಅವನ ಕಿವಿಗೆ ಬೀಳದ ಹಾಗೆ ಮಾಡ್ತೀನಿ."

"ಬಚ್ಚಿಟ್ರೆ ಹೋಗಲ್ಲ. ಎಚ್ಚರಿಕೆಯಿಂದ, ನಮ್ಮ ಕಣ್ಣೆದುರು ಮತ್ತೆ ಮತ್ತೆ ಕೇಳಿಸಿ, ಅದರ ಹಿಂದೆ ಏನೂ ಬರಲ್ಲ ಅಂತ ಮಿದುಳಿಗೆ ಕಲಿಸಬೇಕು."

"ಕಲಿಸಿ ಮತ್ತೆ!"

"ಇಲ್ಲಿ ಅದಿನ್ನೂ ಶುರುವಾಗಿಲ್ಲ. ಮೇಲಿನವರ ಒಪ್ಪಿಗೆ ಬರಬೇಕು" ಎಂದ ಡಾಕ್ಟರಮ್ಮ ಕಂಪ್ಯೂಟರಿನ ಕಡೆಗೆ ತಿರುಗಿದಳು. ಕೆಟ್ಟವಳೇನಲ್ಲ. ರೋಗ ಇಂಥದ್ದೆಂದು ಬೆರಳಿಟ್ಟು ತೋರಿಸುವವರು, ಮದ್ದು ಕೇಳಿದರೆ ಮುಂದಿನ ವರ್ಷ ಬನ್ನಿ ಎನ್ನುವವರು ಲೋಕದಲ್ಲಿ ಬಹಳ ಜನ ಇದ್ದಾರೆ, ಅವರಲ್ಲಿ ಇವಳೂ ಒಬ್ಬಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ತಮ್ಮನ ಮುಂದೆ ಕೂತಳು.

"ನಿಜ ಹೇಳು. ನನ್ನ ಮೆಷಿನ್ನಿಗೂ ನಿನ್ನ ಪುಡಿಗೂ ಏನು ಸಂಬಂಧ?"

ಅವನು ತಲೆ ಬಗ್ಗಿಸಿದ. "ಮೆಷಿನ್ ಶುರುವಾದ್ರೆ ನೀನು ಎದ್ದು ಬರಲ್ಲ ಅಂತ ಗೊತ್ತಿತ್ತಕ್ಕ. ಎಲ್ಲ ರೆಡಿ ಮಾಡ್ಕೊಂಡು ಕಾಯ್ತಾ ಇರ್ತಿದ್ದೆ. ಸದ್ದು ಕೇಳಿದ ತಕ್ಷಣ..."

"ದಿನಾನೂ?"

"ದಿನಾನೂ."

"ಈಗ? ಈಗ ಕೇಳಿದ್ರೆ ಏನಾಗುತ್ತೆ?"

"ಹೊಟ್ಟೆ ಹಿಂಡುತ್ತೆ, ಬಾಯಲ್ಲಿ ನೀರೂರುತ್ತೆ. ನಾನು ಹಸಿವು ಅಂದ್ಕೊಂಡಿದ್ದೆ."

ಯಾವ ಸದ್ದಿನಿಂದ ಅವನಿಗೆ ಅನ್ನ ಹಾಕಿದ್ದಳೋ, ಬಟ್ಟೆ ತೊಡಿಸಿದ್ದಳೋ, ಶಾಲೆಗೆ ಕಳಿಸಿದ್ದಳೋ, ಅದೇ ಸದ್ದನ್ನು ಅವನು ತನ್ನ ಕಾವಲಿಗೆ ನಿಲ್ಲಿಸಿಕೊಂಡಿದ್ದ. ಮೇಲಾಗಿ ಇಷ್ಟು ತಿಂಗಳು ಅದೇ ಕೋಣೆಯಲ್ಲಿ ಕೂರಿಸಿ ಅದೇ ಸದ್ದನ್ನು ಕೇಳಿಸಿದವಳು ತಾನು. ಅವನ ಮೇಲೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯದೆ ಪಾತ್ರೆ ತೊಳೆಯಲು ಕೂತಳು.

ಮಾರನೆಯ ದಿನ ಮೆಷಿನ್ನಿನ ಮೇಲೆ ಹಳೆಯ ಹೊದಿಕೆ ಬಿತ್ತು. ಡಾಕ್ಟರಮ್ಮ ಹೇಳಿದ್ದು ಅವಳ ಕಿವಿಯಲ್ಲಿತ್ತು, ಆದರೆ ಬಾರದ ಚಿಕಿತ್ಸೆಗೆ ಬಾಯಿ ಬಿಟ್ಟುಕೊಂಡು ಕೂರಲು ಅವಳಿಂದಾಗಲಿಲ್ಲ. ಅಪ್ಪನ ಕಾಲದ ಅರ ಹುಡುಕಿ ತೆಗೆದು, ಕೀಯನ್ನು ಇಕ್ಕಳಕ್ಕೆ ಸಿಕ್ಕಿಸಿ, ಒಂದೊಂದೇ ಹಲ್ಲನ್ನು ಕೈಯಲ್ಲಿ ಉಜ್ಜಿ ಕೂರಿಸತೊಡಗಿದಳು. ನಿಂತ ಕಾಲಲ್ಲಿ ಆಗುತ್ತಿದ್ದ ಕೆಲಸ ಗಂಟೆಗೆ ಎಳೆಯಿತು. ಗಿರಾಕಿಗಳು ಗೊಣಗಿದರು, ಆಮೇಲೆ ನಿಲ್ದಾಣದ ಮುಂದಿನ ಹೊಸ ಅಂಗಡಿಯ ದಾರಿ ಹಿಡಿದರು. ಬೆರಳ ತುದಿ ಒಡೆದು ಅನ್ನ ಕಲಸುವಾಗ ಉರಿಯುತ್ತಿತ್ತು.

ತಮ್ಮ ಅದನ್ನು ನೋಡಲಾರದೆ, "ಬೇಡಕ್ಕ, ಮೆಷಿನ್ ಶುರು ಮಾಡು. ನಾನು ತಡ್ಕೋತೀನಿ" ಎಂದ.

"ಬಾಯ್ ಮುಚ್ಕೊಂಡು ಕೂತ್ಕೋ" ಎಂದಳು. ಆದರೆ ಅವನು ದಿನ ಬಿಟ್ಟು ದಿನ ಅದನ್ನೇ ಕೇಳುವಾಗ ಅವಳಿಗೆ ಕಣ್ಣು ತುಂಬುತ್ತಿತ್ತು. ಚಟ ಬಿಟ್ಟವನಿಗೆ ಕರುಳು ಮರಳಿ ಬಂತು ಎಂದುಕೊಂಡಳು. ಕೇಳುತ್ತಿದ್ದುದು ಕರುಳೋ ತಲಬೋ, ಅವನಿಗೂ ಗೊತ್ತಿದ್ದಿರಲಾರದು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಖಾಲಿ ಕೀ ತರಲು ಸಗಟು ಅಂಗಡಿಗೆ ಹೋಗಬೇಕಾಯಿತು. ಶಟರನ್ನು ಅರ್ಧ ಎಳೆದು, "ಬೇಗ ಬರ್ತೀನಿ, ಬಾಗಿಲಿಗೆ ಯಾರೇ ಬಂದ್ರೂ ಮಾತಾಡಬೇಡ" ಎಂದು ಹೇಳಿ ಹೋದಳು. ತಿರುಗಿ ಬರುವಾಗ, ಬೀದಿಯ ತಿರುವಿನಲ್ಲೇ ಆ ಸದ್ದು ಕೇಳಿಸಿತು. ಅವಳು ಬಿರಬಿರನೆ ನಡೆದಳು. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಿ ನಕ್ಕ.

"ಏನಕ್ಕ, ಅಂತೂ ನಿನ್ನ ಮೆಷಿನ್ ಬಾಯಿಬಿಟ್ಟಿತಲ್ಲ! ಯಾವನೋ ಗೆಳೆಯ ಬಂದುಹೋದ, ಆಗಿಂದ ಒಂದೇ ಸಮ ಓಡ್ತಿದೆ. ತಮ್ಮ ಕೆಲಸ ಕಲಿತುಬಿಟ್ಟ ಅನ್ನು. ಇನ್ನು ನೀನು ಕಾಲು ಚಾಚಿ ಕೂರಬಹುದು."

ಅವಳು ಶಟರಿನ ಅಡಿಯಲ್ಲಿ ಬಗ್ಗಿ ಒಳಗೆ ನುಗ್ಗಿದಳು. ಹೊದಿಕೆ ನೆಲದ ಮೇಲೆ ಬಿದ್ದಿತ್ತು. ಚಕ್ರ ತಿರುಗುತ್ತಿತ್ತು. ಎರಡು ದವಡೆಯಲ್ಲೂ ಕೀ ಇರಲಿಲ್ಲ.

ಹಲಗೆಯ ಹಿಂದೆ ಅವನು ಗೋಡೆಗೆ ಒರಗಿ ಕೂತಿದ್ದ. ತೋಳಿಗೆ ಬಿಗಿದ ದಾರ ಸಡಿಲಗೊಂಡಿತ್ತು, ತುಟಿಯ ಬಣ್ಣ ಆಗಲೇ ಬದಲಾಗತೊಡಗಿತ್ತು. ಅವಳು ಕೂಗಿದ್ದು ಮೆಷಿನ್ನಿನ ಸದ್ದಿನಲ್ಲಿ ಬೀದಿಗೆ ಕೇಳಲಿಲ್ಲ. ಹೊರಗೆ ಓಡಿ ಗಡಿಯಾರದವನ ತೋಳು ಹಿಡಿದೆಳೆದಳು. ಅವನು ಆಂಬುಲೆನ್ಸಿಗೆ ಫೋನ್ ಮಾಡುವಾಗ ಒಳಗೆ ಬಂದು ತಮ್ಮನ ತಲೆಯನ್ನು ತೊಡೆಗೆ ಎಳೆದುಕೊಂಡು ಕೆನ್ನೆಗೆ ಬಾರಿಸಿದಳು, ಇನ್ನೊಮ್ಮೆ ಬಾರಿಸಿದಳು. ಅವನು ಹೇಗೋ ರೆಪ್ಪೆ ಎತ್ತಿದ. ಕಣ್ಣಿನಲ್ಲಿ ನೋವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಚಿಕ್ಕಂದಿನಲ್ಲಿ ನಿದ್ದೆಯಿಂದೆದ್ದು ನೋಡುತ್ತಿದ್ದಂತೆ ಬೆರಗಾಗಿ ನೋಡಿದ.

"ಅಕ್ಕಾ... ಮೆಷಿನ್ ಓಡ್ತಾನೇ ಇದೆಯಲ್ಲ... ನೀನ್ ಹೇಗ್ ಬಂದೆ?"