ಪೈಪಿನೊಳಗಿನ ಗುಳ್ಳೆ

ಮಗಳ ಮನೆಗೆ ಟೈಲ್ಸ್ ಹಾಕಲು ಬಂದವನು ತೆಳು ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿದ. ಎರಡು ತುದಿ ಇಬ್ಬರು ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನು ಕಂಡರೆ ನನಗೆ ಇವತ್ತಿಗೂ ನಾವು ಕಟ್ಟಿದ ಕೊನೆಯ ಮನೆ ನೆನಪಾಗುತ್ತದೆ.

ಎಂಬತ್ತನೇ ಇಸವಿಯ ಆಚೀಚೆ ಇಂಥದೇ ಪೈಪಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ನಕ್ಷೆ ಸಾಹೇಬರ ಕೈಯಲ್ಲಿ. ಮುಂಬೈ ಹತ್ತಿರದ ಮುಂಬ್ರಾ ಗುಡ್ಡದ ಬುಡದಲ್ಲಿ ನಾವು ಎಂಟು ಮನೆತನ, ಕಲಬುರಗಿ ಕಡೆಯವರು, ಪರರ ಬಿಲ್ಡಿಂಗಿಗೆ ಸಿಮೆಂಟ್ ಹೊರುವವರು. ಸಾಹೇಬರು ಡೊಂಬಿವಲಿಯಲ್ಲಿದ್ದ ಉಡುಪಿಯವರು, ಮನೆಗಳ ನಕ್ಷೆ ಬರೆಯುವವರು. ನಮ್ಮ ಮನೆ ನಮ್ಮ ಕೈಯಿಂದಲೇ ಕಟ್ಟಿಸಲು ಭಾನುವಾರ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಅವರದೊಂದು ಕಟ್ಟಳೆ: ಎಂಟೂ ಮನೆ ಎಲ್ಲರೂ ಸೇರಿ ಕಟ್ಟಬೇಕು, ಮುಗಿದ ಮೇಲೆ ಚೀಟಿ ಎತ್ತಬೇಕು. ಯಾವುದು ಯಾರದೆಂದು ತಿಳಿಯದಿದ್ದರೆ ಯಾರೂ ಕಳ್ಳಗೆಲಸ ಮಾಡುವುದಿಲ್ಲವಂತೆ.

ನಾನು ಮಾಡಿದೆ. ಕೊನೆಯ ಮನೆಯ ಮಟ್ಟ ಗುರುತು ಮಾಡಿ ಪೈಪು ಸುತ್ತಿಡುವಾಗ ಒಳಗೆ ಗಾಳಿಗುಳ್ಳೆ ಕಂಡೆ. ಗುಳ್ಳೆ ಇದ್ದರೆ ನೀರು ತಪ್ಪು ತೋರಿಸುತ್ತದೆ. ಬಾಯಿ ಮುಚ್ಚಿಕೊಂಡೆ. ಗೋಡೆ ಎದ್ದವು, ಮೇಲೆ ತಗಡಿನ ಪತ್ರಾ ಬಿತ್ತು. ಆ ಮನೆಯ ನೆಲ ನಾಲ್ಕು ಬೆರಳು ತಗ್ಗು, ಗುಡ್ಡದ ನೀರು ಇಳಿಯುವುದೂ ಆ ಕಡೆಗೇ. ನಮ್ಮಲ್ಲೊಬ್ಬಳು ದಿನ ತುಂಬಿದ ಬಸುರಿ. ಅವಳಿಗೇ ಬಂದರೆ? ನನಗೇ ಬಂದರೆ? ಮೋಡ ಕಂಡರೆ ಹೋಗಿ ಆ ನೆಲ ನೋಡಿ ಬರುತ್ತಿದ್ದೆ…

ಸಾಹೇಬರು ಚೀಟಿಯ ಡಬ್ಬಿ ಅಲ್ಲಾಡಿಸುವಾಗ ಹೇಳಿಬಿಟ್ಟೆ. "ಕಡೀ ಮನಿ ಚೀಟಿ ಹೊರಗ ತಗೀರಿ ಸಾಹೇಬ್ರ. ನೀರ ಹೊಕ್ಕತದ."

ಗುಳ್ಳೆಯ ಕತೆ ಕೇಳಿ, "ಮೊದಲೇ ಹೇಳ್ಲಿಕ್ಕೆ ಎಂಥ ಆಗಿತ್ತು ಮಾರಾಯ್ತಿ?" ಅಂದರು.

"ಕೆಡವಸ್ತೀರಿ ಅಂತ ಅಂಜಿದ್ನಿರಿ."

"ಕೆಡವಿಸ್ತಿದ್ದೆ." ಡಬ್ಬಿ ಕೆಳಗಿಟ್ಟು, "ಗುಳ್ಳೆ ನಾನೂ ನೋಡ್ಬೇಕಿತ್ತು. ತಪ್ಪು ನನ್ನದು," ಅಂದರು.

ಚೀಟಿ ನಿಂತಿತು. ಎಲ್ಲರೂ ನನ್ನನ್ನು ಬೈಯುತ್ತಲೇ ಆ ನೆಲ ಎತ್ತರಿಸಲು ಮೊರಂ ಮಣ್ಣು ಹೊತ್ತರು. ಮಳೆಗೆ ಮೊದಲು ನೆಲ ಏರಿತು, ಬಾಗಿಲು ಏರಲಿಲ್ಲ, ನಾಲ್ಕು ಬೆರಳು ಗಿಡ್ಡವಾಯಿತು. ಆಮೇಲೆ ಚೀಟಿ ಎತ್ತಿದಾಗ ಆ ಮನೆ ಬಸುರಿಗೇ ಬಂತು. "ಬಗ್ಗಿ ಬಾರವಾ, ನಿನ್ನ ನಾಕ್ ಬೆರಳು ತಲಿಗಿ ಬಡೀತಾವ," ಎಂದು ವರ್ಷಗಟ್ಟಲೆ ಚುಚ್ಚಿದಳು. ಸಾಹೇಬರು ಉದ್ದನೆಯ ಆಳು. ಆ ಮನೆಗೆ ಹೋದಾಗಲೆಲ್ಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡರು, ದೂರುವಂತೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಈಗ ಆ ಸಾಲಿನ ಜಾಗದಲ್ಲಿ ಟವರ್ ಇದೆ. ಸಾಹೇಬರು ತೀರಿಕೊಂಡದ್ದು ನನಗೆ ತಿಳಿದದ್ದು ವರ್ಷದ ಮೇಲೆ. ಹೇಳಿ ಕಳಿಸಲು ನಾನು ಅವರಿಗೆ ಯಾರು…

ಟೈಲ್ಸಿನವನು ಒಂದು ತುದಿ ಹಿಡಿಯಲು ಹೇಳಿದ. ಪೈಪನ್ನು ಉದ್ದಕ್ಕೂ ನೋಡಿದೆ. ಗುಳ್ಳೆ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಈ ಸಲ ಮಟ್ಟ ತಪ್ಪಿದರೆ "ತಪ್ಪು ನನ್ನದು" ಎನ್ನಲು ಆ ತುದಿಯಲ್ಲಿ ಸಾಹೇಬರಿಲ್ಲ.