ಒಂದು ಗೇಣು ನೇಯುವಷ್ಟು ದೂರ

ಮೊದಲೇ ಹೇಳಿಬಿಡುತ್ತೇನೆ: ನಾರಾಯಣಪೇಟೆಯ ನೇಕಾರರ ಓಣಿಯ ಮೇಲೆ ಆ ಮಧ್ಯಾಹ್ನ ತಿರುಗಿ ಬಂದ ಹವಾಯಿ ಜಹಾಜು ನಾನೇ. ಹಿತ್ತಲ ಗೋಡೆಯ ಹಿಂದೆ ಖಾಲಿ ಗಡಿಗೆಯೊಳಗೆ ಮುಖವಿಟ್ಟು ಗುಂಯ್‌ಗುಟ್ಟಿದ್ದೆ. ರೆಕ್ಕೆ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಓಣಿಯಲ್ಲಿ ನಾನು ಅಣಕಿಸದ ದನಿ ಇರಲಿಲ್ಲ. ತಹಶೀಲ್ದಾರರ ಕೆಮ್ಮು, ಸೀರೆ ಒಯ್ಯಲು ಗದ್ವಾಲದಿಂದ ಬರುವ ಸಾಹುಕಾರರ ಮೂಗಿನ ಮಾತು, ನನ್ನದೇ ಒಡಕು ಗಂಟಲು. ಪಕ್ಕದ ಮನೆಯಲ್ಲಿ ನೇಯುವ ದೊಡ್ಡವ್ವನ ಮಗನದು ಎಲ್ಲಕ್ಕಿಂತ ಸಲೀಸು. ಸಂಜೆ ಬಾಗಿಲಲ್ಲಿ ನಿಂತು "ಅವ್ವಾ, ನೀರು ಕಾದಾವೇನು?" ಎಂದು ರಾಗ ಎಳೆಯುತ್ತಿದ್ದ. ಹಾಗೇ ಕೂಗಿ ನಾನು ದೊಡ್ಡವ್ವನನ್ನು ಒಲೆಗೆ ಓಡಿಸಿದ್ದುಂಟು.

ಅವನು ಬೀದರಿಗೆ ಹೋಗಿದ್ದ. ಜಹಾಜು ಇಳಿಯುವ ಬಯಲಿನ ನೆಲವನ್ನು ದಮ್ಮಸಿನಿಂದ ಬಡಿದು ಗಟ್ಟಿ ಮಾಡುವ ಕೂಲಿ. ನಿಜಾಮನ ಮೇಲೆ ಪೊಲೀಸ್ ಕಾರ್ಯಾಚರಣೆ ಆದಾಗಿನಿಂದ ಅವನ ಸುದ್ದಿಯೇ ಇಲ್ಲ. ಆ ಬಯಲು ಬಾಂಬಿಗೆ ಕಿತ್ತುಹೋಯಿತೆಂದು ಮಕ್ತಲದ ಸಂತೆಯಲ್ಲಿ ಒಬ್ಬರು ಅಂದರೆ, ಏನೂ ಆಗಿಲ್ಲವೆಂದು ಇನ್ನೊಬ್ಬರು.

ಬಳ್ಳಾರಿ ಕಡೆಯ ಬಯಲಿಂದ ಎದ್ದ ಜಹಾಜು ನಮ್ಮ ನೆತ್ತಿಯ ಮೇಲೆಯೇ ಬೀದರಿಗೆ ಹೋಗುತ್ತದೆಂಬುದು ಓಣಿಯ ನಂಬಿಕೆ. ಬಾಂಬಿನ ಭಯ ಇನ್ನೂ ಬಿಟ್ಟಿರಲಿಲ್ಲ, ಸದ್ದು ಕೇಳಿದರೆ ಎಲ್ಲರೂ ಮಗ್ಗದ ಕುಣಿಗೆ ಧುಮುಕುತ್ತಿದ್ದರು; ಕಾಲು ಇಳಿಬಿಟ್ಟು ನೇಯುವ ಆ ಕುಣಿಯೇ ನಮ್ಮ ಕೋಟೆ. ದೊಡ್ಡವ್ವ ಮಾತ್ರ ಲಾಳಿ ನಿಲ್ಲಿಸುತ್ತಿರಲಿಲ್ಲ. ಜಹಾಜು ಬೀದರಿನತ್ತ ಹೋದಾಗ ಸೀರೆಯ ಅಂಚಿಗೆ ಒಂದು ಕೆಂಪೆಳೆ ಸಿಕ್ಕಿಸುವಳು, ತಿರುಗಿ ಬಂದಾಗ ಇನ್ನೊಂದು. ಆಮೇಲೆ ಎರಡೆಳೆಗಳ ನಡುವೆ ನೇಯ್ದಷ್ಟನ್ನು ಗೇಣು ಹಾಕಿ ಅಳೆಯುವಳು.

"ಗೇಣಿನೊಳಗ ಬಂದ್ರ ಮ್ಯಾಲಿಂದ ಮ್ಯಾಲೆ ಹೊಳ್ಳಿ ಬಂತು. ಗೇಣು ದಾಟಿತಂದ್ರ ಇಳಿದೈತಿ. ಇಳಿಯಾಕ ನೆಲ ಬೇಕಲ್ಲೋ? ನೆಲ ಐತಂದ್ರ, ಅದನ್ನ ಬಡಿಯೋನೂ ಅದಾನ."

ಪ್ರತಿ ಸಲವೂ ಗೇಣಿನೊಳಗೇ ಬರುತ್ತಿತ್ತು. ಅವಳು ಎಳೆ ಕಿತ್ತುಹಾಕುತ್ತಿದ್ದಳು.

ಆ ಮಧ್ಯಾಹ್ನ ಹೋದ ಜಹಾಜು ಗೇಣು ದಾಟಿದರೂ ಬರಲಿಲ್ಲ. ಸಾಹುಕಾರರು ಜರಿ ರುಮಾಲು ಸುತ್ತಿಕೊಂಡು ದೊಡ್ಡವ್ವನ ಜಗಲಿಯಲ್ಲಿ ಕೂತಿದ್ದರು. ಅವರು ಕುಣಿಗೆ ಬೀಳುವುದನ್ನು ನೋಡಬೇಕೆಂಬ ಆಸೆ ನನಗೆ; ದೊಡ್ಡವ್ವನ ನೆನಪೇ ಇರಲಿಲ್ಲ. ಅವಳ ಹಿತ್ತಲಲ್ಲೇ ಗಡಿಗೆ ಹುಡುಕಿದೆ.

ಸಾಹುಕಾರರು ಬಿದ್ದರು. ರುಮಾಲು ಅವರಿಗಿಂತ ಮೊದಲು ಬಿತ್ತು. "ಯಾವನ ಕಾಲ್ರೀ ಇದು ನನ್ನ ಬಾಯಾಗ?" ಎಂದು ಕುಣಿಯೊಳಗಿಂದ ಮೂಗಿನ ಮಾತು ಬಂತು. ನಾನು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಇಣುಕಿದರೆ, ದೊಡ್ಡವ್ವ ಎರಡನೆಯ ಕೆಂಪೆಳೆ ಸಿಕ್ಕಿಸುತ್ತಿದ್ದಳು. ಗೇಣು ಹಾಕಿದಳು. ಗೇಣಿನ ಮೇಲೂ ನಾಲ್ಕು ಬೆರಳು ಉಳಿಯಿತು. ಮಗ್ಗ ಬಿಟ್ಟೆದ್ದು ಒಲೆಗೆ ನೀರಿಟ್ಟಳು.

ಅಂದಿನಿಂದ ದಿನಾ ಸಂಜೆ ಆ ಮನೆಯಲ್ಲಿ ಮೀಯುವವರಿಲ್ಲದ ನೀರು ಕುದಿಯಿತು. ಹಬೆ ಬಾಗಿಲವರೆಗೆ ಬಂದು, ಯಾರೋ ನಿಂತಂತೆ ನಿಂತು, ಕರಗುತ್ತಿತ್ತು. ಆ ಹೊಸ್ತಿಲು ದಾಟುವಾಗ ನನ್ನ ಬಾಯಿಂದ ಯಾರ ದನಿಯೂ ಹೊರಡುತ್ತಿರಲಿಲ್ಲ, ನನ್ನದೂ.

ಕಡೆಗೆ ಒಂದು ಸಂಜೆ ತಡೆಯಲಾರದೆ ಅಂದೆ: "ದೊಡ್ಡವ್ವ, ಅವತ್ತು ಹೊಳ್ಳಿ ಬಂದದ್ದು ಜಹಾಜ ಅಲ್ಲ. ನಾನ."

ಅವಳು ಒಲೆಯೊಳಗಿನ ಕೊಳ್ಳಿ ಮುಂದಕ್ಕೆ ತಳ್ಳಿದಳು. ಮುಖ ಎತ್ತಲಿಲ್ಲ.

"ಗಡಿಗಿ ನಂದ ಅಲ್ಲೇನೋ, ಅದರ ದನಿ ಗೊತ್ತಾಗಂಗಿಲ್ಲೇನು? ಜಹಾಜ ಸಾಕು. ನೀರು ಕಾದಾವ, ಬಾಗಲಾಗ ನಿಂತು ಅವನಂಗ ಕರಿ."