ಕ್ವೆಕ್ ಬೂನ್ ಸಿಯಾ ಸತ್ತ ಸುದ್ದಿ

ಸಿಂಗಪುರದ ಆಂಗ್ ಮೊ ಕಿಯೊದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಕ್ವೆಕ್ ಬೂನ್ ಸಿಯಾ ಒಂದು ಕಾಲಕ್ಕೆ ನದಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದವನು. ಮನುಷ್ಯರಿಗೆ ಬೈಗುಳ, ಬೆಳವಕ್ಕಿಗೆ ಮುದ್ದು, ಇಷ್ಟೇ ಅವನ ಲೋಕವ್ಯವಹಾರ. ಕೂಗುವ ಸ್ಪರ್ಧೆಗೆಂದು ಅವನು ಸಾಕಿದ್ದ ಬೆಳವಕ್ಕಿ 1998ರಲ್ಲಿ ಸತ್ತಿತು. ಹಕ್ಕಿ ಸಂಘದ ಕಾರ್ಯದರ್ಶಿ ಯಾಜಿದ್ ವೆಬ್‌ಸೈಟಿನಲ್ಲಿ ಸಂತಾಪ ಬರೆಯುವ ಗಡಿಬಿಡಿಯಲ್ಲಿ 'ಹಕ್ಕಿ' ಎಂಬ ಪದವನ್ನೇ ನುಂಗಿಬಿಟ್ಟ. ಹಾಗಾಗಿ 'ನಮ್ಮ ಪ್ರೀತಿಯ ಕ್ವೆಕ್ ಇನ್ನಿಲ್ಲ' ಎಂದಾಯಿತು. ಕ್ವೆಕ್‌ನಿಂದ ಉಗಿಸಿಕೊಂಡು ಅಂದೇ ತಿದ್ದಿದ.

ಆದರೂ ಕ್ವೆಕ್‌ನ ಮನೆಯ ಕಂಪ್ಯೂಟರಿನಲ್ಲಿ ಅವನು ಸತ್ತೇ ಇದ್ದ. ಅವನ ಇಂಟರ್ನೆಟ್ ಕಂಪನಿ ಗ್ರಾಹಕರನ್ನೆಲ್ಲ ತನ್ನ ಪ್ರಾಕ್ಸಿ ಸರ್ವರಿನ ಮೂಲಕವೇ ಹಾಯಿಸುತ್ತಿತ್ತು. ಆ ಯಂತ್ರ ಒಮ್ಮೆ ತಂದ ಪುಟದ ನಕಲು ಇಟ್ಟುಕೊಂಡು, ಕೇಳಿದವರಿಗೆಲ್ಲ ಆ ತಂಗಳನ್ನೇ ಬಡಿಸುತ್ತಿತ್ತು. ಬೇಡ ಅನ್ನುವ ಹಾಗಿರಲಿಲ್ಲ. ಹಕ್ಕಿ ಸಾಕುವವರಲ್ಲಿ ಬಹುಪಾಲು ಮಂದಿ ಅದೇ ಕಂಪನಿಯ ಗ್ರಾಹಕರು, ಅವರಿಗೂ ಕಾಣುತ್ತಿದ್ದುದು ಆ ಹಳೆಯ ಪುಟವೇ.

ಕ್ವೆಕ್ ಕಂಪನಿಗೆ ಫೋನ್ ಮಾಡಿದ.

"ಪುಟ ಬೇಗ ಬರ್ಲಿ ಅಂತ ನಕಲು ಇಟ್ಟಿರ್ತೀವಿ ಅಂಕಲ್," ಎಂದಳು ಅಲ್ಲಿಯ ಹುಡುಗಿ.

"ನನ್ ಹೆಣಾನೂ ಇಟ್ಕೊಂಡಿದೀರಲ್ಲಮ್ಮ, ವಾಸ್ನೆ ಬರಲ್ವಾ?"

"ರೀಲೋಡ್ ಒತ್ತಿ ನೋಡಿ."

"ಒತ್ತಿದೆ. ಮತ್ತೆ ಸತ್ತೆ."

"ಮೇಲಿನವ್ರಿಗೆ ಹೇಳ್ತೀನಿ ಅಂಕಲ್."

"ಬೇಡ ಬಿಡು, ಮೇಲಕ್ಕೆ ಹೆಂಗೂ ನಾನೇ ಹೋಗ್ತಿದೀನಲ್ಲ."

ಮರುದಿನ ಬೆಳಿಗ್ಗೆ ಸೋ ಕಿಮ್ ಲೆಂಗ್ ಬಂದ. ಹಿಂದೊಂದು ಸ್ಪರ್ಧೆಯಲ್ಲಿ ಕ್ವೆಕ್ ಹಕ್ಕಿಗೆ ಮದ್ದು ತಿನ್ನಿಸಿ ಗೆದ್ದನೆಂದು ಊರಿಗೆಲ್ಲ ಸಾರಿ, ಆಮೇಲೆ ಮಾತು ಬಿಟ್ಟವನು. ಕೈಯಲ್ಲಿ ಸಾವಿನ ಮನೆಗೆ ಒಯ್ಯುವ ಬಿಳಿ ಸೇವಂತಿಗೆ. ಕ್ವೆಕ್ ಆಗ ಕಕ್ಕಸಿನಲ್ಲಿದ್ದ. ಅವನ ಹೆಂಡತಿ ಗೆಕ್ ಎಂಗ್ ಬಾಯಿ ತೆರೆಯುವ ಮೊದಲೇ ಸೋ ಅಳತೊಡಗಿದ.

"ಅತ್ತಿಗೆ, ಅವನ ಹಕ್ಕಿ ನ್ಯಾಯವಾಗೇ ಗೆದ್ದಿತ್ತು. ಮದ್ದು ಹಾಕಿದ್ದು ನಾನು, ನನ್ ಹಕ್ಕಿಗೆ. ಹಾಕಿನೂ ಸೋತೆ."

ಕಕ್ಕಸಿನ ಬಾಗಿಲ ಹಿಂದಿನಿಂದ ದನಿ ಬಂತು. "ಇನ್ನೊಂದ್ಸಲ ಹೇಳೋ. ನೀರಿನ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

ಸೋ ಹೂ ಕೈಬಿಟ್ಟು ಅಲ್ಲೇ ಕುಸಿದ. ಬಿಸಿ ಗಂಜಿ, ಉಪ್ಪುಮೊಟ್ಟೆ ಕೊಟ್ಟು ಅವನನ್ನು ಸುಧಾರಿಸಬೇಕಾಯಿತು. ಎದುರು ಕುಳಿತ ಕ್ವೆಕ್ ತನ್ನ ಪಾಲಿನ ಮೊಟ್ಟೆಯನ್ನೂ ಸೋನ ಬಟ್ಟಲಿಗೆ ಹಾಕಿದ. ಆ ಭಾನುವಾರ ಇಬ್ಬರೂ ಕೂಡಿಯೇ ಸ್ಪರ್ಧೆ ನೋಡಲು ಹೋದರು. ಅಷ್ಟರಲ್ಲಿ ಕಂಪನಿಯ ಯಂತ್ರವೂ ಹಳೆಯ ನಕಲನ್ನು ಬಿಟ್ಟುಕೊಟ್ಟಿತ್ತು.

ಗೆಕ್ ಎಂಗ್ ನಮ್ಮ ಮನೆಗೆ ಬಂದು ಗೊಣಗಿದಳು. "ಸೋ ಅಷ್ಟು ಅತ್ತ, ನೀನ್ಯಾಕೆ ಒಂದು ಹನಿನೂ ಹಾಕ್ಲಿಲ್ಲ ಅಂತ ಮುದುಕ ಮುಖ ಊದಿಸ್ಕೊಂಡು ಕೂತಿದಾನೆ."